ಚಿಲ್ಲರ್ ಬಾಡಿಗೆಗೆ ತರಲೋ, ಕೊಳ್ಳಲೋ? ಮೊದಲು ಅದು ಓಡುವ ಗಂಟೆ ಎಣಿಸಿ

ಪ್ರಶ್ನೆ: ಪೀಣ್ಯದಲ್ಲಿ ಬಾಡಿಗೆ ಶೆಡ್ ಹಿಡಿದು ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ (ಮೋಲ್ಡ್) ತುಂಬುವ ಆರು ಇಂಜೆಕ್ಷನ್ ಮೋಲ್ಡಿಂಗ್ ಮೆಷಿನ್ ನಡೆಸುತ್ತಿದ್ದೇವೆ. ಎಲ್ಲವೂ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಓಡುವಂಥವು). ಪಂಪ್ ಮೋಟಾರ್‌ಗಳು ಒಟ್ಟು 110 ಕಿಲೋವ್ಯಾಟ್. ಪೂರ್ತಿ ವೇಗದಲ್ಲಿ ಗಂಟೆಗೆ 120 ಕೆಜಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹೋಗುತ್ತದೆ. ದಿನಕ್ಕೆ 20 ಗಂಟೆ, ತಿಂಗಳಿಗೆ 25 ದಿನ ಕೆಲಸ. ಇಲ್ಲಿಯವರೆಗೆ ಒಂದು ಕೂಲಿಂಗ್ ಟವರ್‌ನಲ್ಲೇ (ನೀರನ್ನು ಗಾಳಿಯಲ್ಲಿ ತಣಿಸುವ ಗೋಪುರ) ಕಾಲ ತಳ್ಳಿದ್ದೇವೆ. ಡಿಸೆಂಬರ್‌ನಲ್ಲಿ 22 ಸೆಕೆಂಡ್ ಇರುವ ಸೈಕಲ್ (ಒಂದು ಸಲ ಅಚ್ಚು ತುಂಬಿ, ತಣಿಸಿ, ತೆಗೆಯುವ ಸಮಯ) ಏಪ್ರಿಲ್‌ನಲ್ಲಿ 27ಕ್ಕೆ ಹೋಗುತ್ತದೆ. ಈಗ 14 ತಿಂಗಳ ಹೊಸ ಆರ್ಡರ್ ಸಿಕ್ಕಿದೆ, ಜನವರಿ ಕೊನೆಗೆ ಶುರು. ತೆಳು ಗೋಡೆಯ ಡಬ್ಬಿಗಳು. ಆರರಲ್ಲಿ ಎರಡು ಮೆಷಿನ್ ಇದಕ್ಕೇ ಮೀಸಲು, ಅವಕ್ಕೆ ವರ್ಷವಿಡೀ 15 ಡಿಗ್ರಿ ನೀರು ಬೇಕು. 20 ಟನ್ನಿನ ಹೊಸ ಏರ್-ಕೂಲ್ಡ್ ಚಿಲ್ಲರ್‌ಗೆ (ನೀರನ್ನು ತಣ್ಣಗೆ ಮಾಡಿ ಬಿಸಿಯನ್ನು ಗಾಳಿಗೆ ಬಿಡುವ ಯಂತ್ರ) ₹8.5 ಲಕ್ಷ ಕೇಳುತ್ತಿದ್ದಾರೆ, ಬರಲು ಎಂಟು ವಾರ. ಅಷ್ಟೇ ದೊಡ್ಡದು ಬಾಡಿಗೆಗೆ ತಿಂಗಳಿಗೆ ₹48,000, ಕನಿಷ್ಠ ಮೂರು ತಿಂಗಳು, ಸಾಗಣೆ ಮತ್ತು ಜೋಡಣೆಗೆ ಬೇರೆ ₹60,000. ಇನ್ನೊಬ್ಬರು ಆರ್-22 ಗ್ಯಾಸಿನ ಹಳೆಯ ಯಂತ್ರವನ್ನು ₹2.25 ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಜಿಎಸ್‌ಟಿ ಎಲ್ಲದಕ್ಕೂ ಬೇರೆ. ಕರೆಂಟು ಎಲ್ಲ ಸೇರಿ ಯೂನಿಟ್‌ಗೆ ₹7.50 ಬೀಳುತ್ತದೆ. ಸಿಸಿ ಅಕೌಂಟ್ (ದಿನದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಸಾಲದ ಖಾತೆ) 11% ಬಡ್ಡಿಯದು. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯಿತು. ಬಾಡಿಗೆಯೋ ಖರೀದಿಯೋ ಎಂದು ಕೇಳುವ ಹೆಚ್ಚಿನವರು ಎರಡು ಬೆಲೆ ಮಾತ್ರ ಬರೆದು ಕಳಿಸುತ್ತಾರೆ. ನೀವು ಗಂಟೆ, ಕೆಜಿ, ಕಿಲೋವ್ಯಾಟ್ ಎಲ್ಲವನ್ನೂ ಕೊಟ್ಟಿದ್ದೀರಿ. ಹಾಗಾಗಿ ಲೆಕ್ಕ ಮಾಡಿಯೇ ಉತ್ತರ ಹೇಳಬಹುದು.

ನನ್ನ ಸಲಹೆ ಇದು. 20 ಟನ್ನಿನ ಯಂತ್ರ ಕೊಳ್ಳಬೇಡಿ, ಬಾಡಿಗೆಗೂ ತರಬೇಡಿ. 10 ಟನ್ನಿನ ಏರ್-ಕೂಲ್ಡ್ ಚಿಲ್ಲರ್ ಕೊಳ್ಳಿ, ಅದರಲ್ಲಿ ಎರಡು ಕಂಪ್ರೆಸರ್ (ತಣಿಸುವ ಗ್ಯಾಸನ್ನು ಒತ್ತುವ ಪಂಪ್) ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ (ಗ್ಯಾಸ್ ಸುತ್ತುವ ದಾರಿ) ಇರಲಿ. ಹಳೆಯ ಆರ್-22 ಯಂತ್ರದ ಕಡೆ ಹೋಗಲೇಬೇಡಿ. ಹೊಸ ಆರ್ಡರ್ ಬಂದಿರದಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ: ಮಾರ್ಚ್‌ನಿಂದ ಮೇವರೆಗೆ ಬಾಡಿಗೆಗೆ ತನ್ನಿ, ಕೊಳ್ಳಬೇಡಿ ಎಂದು. ಯಾಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು 20 ಟನ್ ಎಂಬ ಅಂಕಿ ಎಲ್ಲಿಂದ ಬಂತು ಅನ್ನುವುದು. ಚಿಲ್ಲರ್ ಲೆಕ್ಕದ 1 ಟನ್ ಅಂದರೆ ಗಂಟೆಗೆ 3,024 ಕಿಲೋಕ್ಯಾಲೊರಿ ಶಾಖ ಹೊರಗೆ ಹಾಕುವ ಶಕ್ತಿ. ಕಿಲೋಜೂಲ್‌ನಲ್ಲಿ ಸುಮಾರು 12,660. ಒಂದು ಕೆಜಿ ಪಿಪಿ ಕರಗಿದ ಸ್ಥಿತಿಯಿಂದ ಮೋಲ್ಡ್ ಬಿಟ್ಟು ಹೊರಬರುವ ಹೊತ್ತಿಗೆ ಸುಮಾರು 550 ಕಿಲೋಜೂಲ್ ಶಾಖ ಬಿಡುತ್ತದೆ. 120 ಕೆಜಿಗೆ 66,000. ಅಂದರೆ 5.2 ಟನ್. ಹಾಟ್ ರನ್ನರ್‌ನ (ಮೋಲ್ಡ್ ಒಳಗೆ ಪ್ಲಾಸ್ಟಿಕ್ಕನ್ನು ಕರಗಿದಂತೆಯೇ ಇಡುವ ಕಾಲುವೆ) ಹೀಟರ್, ಪೈಪಿಗೆ ಹೊರಗಿನಿಂದ ಹತ್ತುವ ಬಿಸಿ, ಪಂಪಿನ ಬಿಸಿ ಎಲ್ಲ ಸೇರಿ 2 ಟನ್ ಹಿಡಿಯಿರಿ. ಮೋಲ್ಡ್‌ಗಳಿಗೆ ಬೇಕಾದ್ದು 7.2 ಟನ್, ಅಷ್ಟೇ.

ಉಳಿದದ್ದು ಹೈಡ್ರಾಲಿಕ್ ಆಯಿಲ್. 110 ಕಿಲೋವ್ಯಾಟ್ ಮೋಟಾರ್‌ಗಳು ಸರಾಸರಿ ಅರ್ಧ ಲೋಡ್‌ನಲ್ಲಿ ಓಡಿದರೆ 55 ಕಿಲೋವ್ಯಾಟ್. ಅದರಲ್ಲಿ ಅರ್ಧದಷ್ಟು ಆಯಿಲ್‌ಗೆ ಬಿಸಿಯಾಗಿ ಇಳಿಯುತ್ತದೆ ಎಂದರೆ 28 ಕಿಲೋವ್ಯಾಟ್, ಅಂದರೆ 8 ಟನ್. ಎಲ್ಲ ಕೂಡಿಸಿದರೆ 15.2 ಟನ್. ಮೇಲೆ 25% ಜಾಸ್ತಿ ಇಟ್ಟರೆ 19. ಮಾರುವವರು 20 ಟನ್ ಅಂದದ್ದು ಹೀಗೆ. ಅವರು ಮೋಸ ಮಾಡಿಲ್ಲ. ನಿಮ್ಮ ಕಾರ್ಖಾನೆಯ ಎಲ್ಲ ಬಿಸಿಯನ್ನೂ ಚಿಲ್ಲರ್ ತಲೆಗೆ ಕಟ್ಟಿದ್ದಾರೆ.

ಆದರೆ ಆಯಿಲ್‌ಗೆ ಚಿಲ್ಲರ್ ನೀರು ಬೇಕೇ ಇಲ್ಲ. ಆಯಿಲ್ 40ರಿಂದ 50 ಡಿಗ್ರಿಯೊಳಗೆ ಇದ್ದರೆ ಮೆಷಿನ್ ಆರೋಗ್ಯವಾಗಿರುತ್ತದೆ. ಬೆಂಗಳೂರಿನಲ್ಲಿ ಬಿರು ಬೇಸಿಗೆಯಲ್ಲೂ ವೆಟ್ ಬಲ್ಬ್ ತಾಪಮಾನ (ನೀರು ಆವಿಯಾಗುತ್ತಾ ಇಳಿಯಬಲ್ಲ ಅತಿ ಕಡಿಮೆ ತಾಪಮಾನ) 22–23 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೂಲಿಂಗ್ ಟವರ್ ಸರಿಯಾಗಿದ್ದರೆ ಅದಕ್ಕಿಂತ 3–4 ಡಿಗ್ರಿ ಮೇಲೆ, ಅಂದರೆ 26–27 ಡಿಗ್ರಿ ನೀರು ಕೊಡುತ್ತದೆ. 45 ಡಿಗ್ರಿ ಆಯಿಲ್ ತಣ್ಣಗಾಗಲು ಇಷ್ಟು ಧಾರಾಳ ಸಾಕು. ಇದು ನಮ್ಮ ಊರಿನ ಹವೆ ಸುಮ್ನೆ ಕೊಟ್ಟಿರುವ ಲಾಭ. ಮಂಗಳೂರಿನ ಬೈಕಂಪಾಡಿಯಲ್ಲಿ ವೆಟ್ ಬಲ್ಬ್ ನಾಲ್ಕೈದು ಡಿಗ್ರಿ ಜಾಸ್ತಿ, ಆದರೂ ಆಯಿಲ್ ಮಟ್ಟಿಗೆ ಅಲ್ಲಿಯೂ ಟವರ್ ನೀರೇ ಸಾಕು.

ಆಯಿಲ್ ಕೂಲರ್‌ಗಳನ್ನು ಈಗಿರುವ ಟವರ್‌ನಲ್ಲೇ ಬಿಟ್ಟರೆ ಎಷ್ಟು ಉಳಿಯುತ್ತದೆ ನೋಡಿ. ಏರ್-ಕೂಲ್ಡ್ ಚಿಲ್ಲರ್ ಒಂದು ಟನ್‌ಗೆ ವರ್ಷದ ಸರಾಸರಿಯಲ್ಲಿ ಸುಮಾರು 1.2 ಕಿಲೋವ್ಯಾಟ್ ತಿನ್ನುತ್ತದೆ. 8 ಟನ್‌ಗೆ 9.6 ಕಿಲೋವ್ಯಾಟ್. ನಿಮ್ಮ ವರ್ಷದ ಓಟ 6,000 ಗಂಟೆ. ಅಂದರೆ 57,600 ಯೂನಿಟ್. ₹7.50ರಂತೆ ವರ್ಷಕ್ಕೆ ₹4.3 ಲಕ್ಷ. 45 ಡಿಗ್ರಿ ಆಯಿಲ್ ತಣಿಸಲು 15 ಡಿಗ್ರಿ ನೀರು ಸುರಿದು ಇಷ್ಟು ದುಡ್ಡು ಕಳೆಯುವುದು ಯಾಕೆ, ಅಲ್ವಾ? ಬಾಡಿಗೆಯೋ ಖರೀದಿಯೋ ಅನ್ನುವ ಪ್ರಶ್ನೆಗಿಂತ ಈ ಒಂದು ಪೈಪಿನ ತೀರ್ಮಾನವೇ ನಿಮಗೆ ಹೆಚ್ಚು ಉಳಿಸುತ್ತದೆ.

ಈಗ ಗಂಟೆಯ ವಿಷಯ. ನನ್ನ ಅನುಭವದಲ್ಲಿ ಬಾಡಿಗೆ-ಖರೀದಿ ತೀರ್ಮಾನವನ್ನು ಯಂತ್ರದ ಬೆಲೆಗಿಂತ ಅದು ವರ್ಷದಲ್ಲಿ ಎಷ್ಟು ಗಂಟೆ ಓಡುತ್ತದೆ ಅನ್ನುವುದೇ ಮಾಡುತ್ತದೆ. ನಿಮ್ಮಲ್ಲಿ ಎರಡು ಬೇರೆ ಬೇರೆ ಲೋಡ್ ಇದೆ. ಹಳೆಯ ನಾಲ್ಕು ಮೆಷಿನ್‌ಗಳಿಗೆ ತೊಂದರೆ ಆಗುವುದು ಮಾರ್ಚ್‌ನಿಂದ ಮೇವರೆಗೆ. ಡಿಸೆಂಬರ್‌ನಲ್ಲಿ ಟವರ್ ನೀರು 20–21 ಡಿಗ್ರಿಗೆ ಇಳಿಯುತ್ತದೆ, ಸೈಕಲ್ ತಾನಾಗಿ 22 ಸೆಕೆಂಡ್‌ಗೆ ಬರುತ್ತದೆ. ನೀವೇ ಬರೆದಿದ್ದೀರಿ. ಹೊಸ ಆರ್ಡರ್‌ನ ಎರಡು ಮೆಷಿನ್‌ಗಳ ಕಥೆ ಬೇರೆ. ಅವಕ್ಕೆ ಹನ್ನೆರಡು ತಿಂಗಳೂ 15 ಡಿಗ್ರಿ ಬೇಕು, ಅದನ್ನು ಯಾವ ಟವರ್ ಕೂಡ ಕೊಡುವುದಿಲ್ಲ.

ಹೊಸ ಆರ್ಡರ್ ಇಲ್ಲ ಎಂದು ಒಂದು ನಿಮಿಷ ಭಾವಿಸೋಣ. ನಿಮ್ಮ ಕೊಟೇಷನ್‌ಗಳನ್ನೇ ಹಿಡಿದು ಲೆಕ್ಕ ಹಾಕಿದರೆ, ₹8.5 ಲಕ್ಷದ ಯಂತ್ರವನ್ನು ಏಳು ವರ್ಷಕ್ಕೆ ಹಂಚಿ 11% ಬಡ್ಡಿ ಸೇರಿಸಿದಾಗ ವರ್ಷಕ್ಕೆ ₹1.8 ಲಕ್ಷ ಬೀಳುತ್ತದೆ. ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು), ಸಣ್ಣಪುಟ್ಟ ರಿಪೇರಿ ₹40,000. ಒಟ್ಟು ₹2.2 ಲಕ್ಷ. ಬಾಡಿಗೆಗೆ ಮೂರು ತಿಂಗಳಿಗೆ ₹1.44 ಲಕ್ಷ, ಮೇಲೆ ಸಾಗಣೆ-ಜೋಡಣೆ ₹60,000, ಒಟ್ಟು ₹2.04 ಲಕ್ಷ. ಎರಡೂ ಹತ್ತಿರ ಹತ್ತಿರ ಇವೆ, ಬಾಡಿಗೆ ಸ್ವಲ್ಪ ಕಮ್ಮಿ. ಆದರೆ ಬಾಡಿಗೆಯಲ್ಲಿ ಸಾಲ ಇಲ್ಲ, ಉಳಿದ ಒಂಬತ್ತು ತಿಂಗಳು ಶೆಡ್‌ನಲ್ಲಿ ಜಾಗ ತಿನ್ನುವ ಯಂತ್ರ ಇಲ್ಲ, ಕೆಟ್ಟರೆ ನಿಮ್ಮ ತಲೆನೋವಲ್ಲ. ಹಾಗಾಗಿ ವರ್ಷಕ್ಕೆ ಮೂರು ತಿಂಗಳಷ್ಟೇ ಬೇಕು ಅನ್ನುವವರಿಗೆ ಬಾಡಿಗೆ ಸರಿ. ಇದೇ ದರಗಳಲ್ಲಿ ನಾಲ್ಕನೇ ತಿಂಗಳು ದಾಟಿದರೆ, ಅದೂ ಪ್ರತಿ ವರ್ಷ ದಾಟುವುದಾದರೆ, ಖರೀದಿ ಗೆಲ್ಲುತ್ತದೆ.

ಬೇಸಿಗೆಯ ನಷ್ಟವನ್ನೂ ಮರೆಯಬೇಡಿ. 27 ಸೆಕೆಂಡ್ ಸೈಕಲ್ ಅಂದರೆ ಗಂಟೆಗೆ 133 ಶಾಟ್. 22 ಸೆಕೆಂಡ್ ಆದರೆ 164. ಅದೇ ಮೆಷಿನ್, ಅದೇ ಆಪರೇಟರ್, ಅದೇ ಶೆಡ್ ಬಾಡಿಗೆ, ಉತ್ಪಾದನೆ ಮಾತ್ರ 23% ಜಾಸ್ತಿ. ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಸೈಕಲ್‌ನ ಅರ್ಧಕ್ಕಿಂತ ಹೆಚ್ಚು ಸಮಯ ತಣಿಸುವುದಕ್ಕೇ ಹೋಗುತ್ತದೆ. ಹಾಗಾಗಿ "ಚಿಲ್ಲರ್ ಬೇಕಾ" ಅನ್ನುವ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಹೌದು ಎಂದೇ. ಈ ಮೂರು ತಿಂಗಳು ಕಳೆದುಕೊಳ್ಳುತ್ತಿರುವ ಶಾಟ್‌ಗಳನ್ನು ನಿಮ್ಮ ಲಾಭದ ದರದಿಂದ ಗುಣಿಸಿ ನೋಡಿ. ಆ ಅಂಕಿ ಕೈಯಲ್ಲಿದ್ದರೆ ಬ್ಯಾಂಕಿನವರ ಜೊತೆ ಮಾತಾಡುವುದೂ ಸುಲಭ.

ಈಗ ಹೊಸ ಆರ್ಡರ್ ಸೇರಿಸಿ. 14 ತಿಂಗಳು ಬಾಡಿಗೆ ಕಟ್ಟಿದರೆ ₹6.72 ಲಕ್ಷ, ಸಾಗಣೆ ಸೇರಿ ₹7.32 ಲಕ್ಷ. 10 ಟನ್ನಿನ ಹೊಸ ಯಂತ್ರಕ್ಕೆ ₹5 ಲಕ್ಷ ಎಂದು ಹಿಡಿದಿದ್ದೇನೆ. ನಿಜವಾದ ಕೊಟೇಷನ್ ಬಂದ ಮೇಲೆ ಆ ಅಂಕಿ ಹಾಕಿಕೊಳ್ಳಿ. 14 ತಿಂಗಳ ಬಡ್ಡಿ ಸುಮಾರು ₹64,000, ನಿರ್ವಹಣೆಗೆ ₹25,000. ಒಟ್ಟು ₹5.9 ಲಕ್ಷ. ಅಂದರೆ ಆರ್ಡರ್ ಮುಗಿದ ದಿನ ಯಂತ್ರವನ್ನು ಯಾರಿಗಾದರೂ ಪುಕ್ಕಟೆ ಕೊಟ್ಟರೂ ಬಾಡಿಗೆಗಿಂತ ಕಮ್ಮಿಯೇ. ಇಂಥ ಕಡೆ ಬಾಡಿಗೆಯ ಪರ ವಾದ ಮಾಡಲು ನನಗೆ ಏನೂ ಸಿಗುತ್ತಿಲ್ಲ. ಬಾಡಿಗೆಯವರು 10 ಟನ್ನಿನದನ್ನು ಅರ್ಧ ದರಕ್ಕೆ ಕೊಟ್ಟರೆ ಲೆಕ್ಕ ಬದಲಾಗುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಬದಲಾಗುತ್ತದೆ. ಆಗ 14 ತಿಂಗಳಿಗೆ ಸುಮಾರು ₹4 ಲಕ್ಷ ಆಗುತ್ತದೆ. ಆದರೆ ಕೊಂಡ ಯಂತ್ರ 14 ತಿಂಗಳ ನಂತರವೂ ನಿಮ್ಮದೇ. ಅರ್ಧ ಬೆಲೆಗೆ ಮಾರಿದರೂ ನಿಮ್ಮ ನಿಜವಾದ ಖರ್ಚು ₹3.4 ಲಕ್ಷಕ್ಕೆ ಇಳಿಯುತ್ತದೆ. ಮಾರದೆ ಇಟ್ಟುಕೊಂಡರೆ ಮುಂದಿನ ಬೇಸಿಗೆಗೆ ಹಳೆಯ ಮೆಷಿನ್‌ಗಳಿಗಾದರೂ ಆಗುತ್ತದೆ.

ಎರಡು ಕಂಪ್ರೆಸರ್ ಇರಲಿ ಎಂದು ಹೇಳಿದ್ದಕ್ಕೂ ಕಾರಣ ಈ ಎರಡು ಲೋಡ್‌ಗಳೇ. ಹೊಸ ಆರ್ಡರ್‌ನ ಎರಡು ಮೆಷಿನ್ ಗಂಟೆಗೆ 50 ಕೆಜಿ ಎಳೆದರೆ 2.2 ಟನ್, ಹಾಟ್ ರನ್ನರ್ ಸೇರಿ 3.7 ಟನ್ ಆಗುತ್ತದೆ. ಐದು ಟನ್ನಿನ ಒಂದು ಸರ್ಕ್ಯೂಟ್ ಇದನ್ನು ವರ್ಷವಿಡೀ ಹೊರುತ್ತದೆ. ಎರಡನೆಯದು ಬೇಸಿಗೆಯಲ್ಲಿ ಉಳಿದ ನಾಲ್ಕು ಮೆಷಿನ್‌ಗಳಿಗೆ ಎದ್ದು ನಿಲ್ಲುತ್ತದೆ. ಒಂದು ಕಂಪ್ರೆಸರ್ ಕೆಟ್ಟರೆ ಹೊಸ ಆರ್ಡರ್ ನಿಲ್ಲುವುದಿಲ್ಲ. ಒಂದೇ ದೊಡ್ಡ ಕಂಪ್ರೆಸರ್ ಇದ್ದರೆ ಚಳಿಗಾಲದಲ್ಲಿ ಅದು ಮತ್ತೆ ಮತ್ತೆ ಆನ್-ಆಫ್ ಆಗಿ ಸವೆಯುತ್ತದೆ, ನೀರಿನ ತಾಪಮಾನವೂ ಏರಿಳಿಯುತ್ತದೆ. ತೆಳು ಗೋಡೆಯ ಡಬ್ಬಿಗೆ ಆ ಏರಿಳಿತ ಒಳ್ಳೆಯದಲ್ಲ.

ಹೀಗೆ ನಡೆಸಿದರೆ ವರ್ಷದ ಕರೆಂಟ್: ಮೊದಲ ಸರ್ಕ್ಯೂಟ್‌ಗೆ ಸುಮಾರು 26,600 ಯೂನಿಟ್, ಬೇಸಿಗೆಯ ಮೂರು ತಿಂಗಳಿಗೆ ಎರಡನೆಯದಕ್ಕೆ ಸುಮಾರು 6,800 ಯೂನಿಟ್. ಒಟ್ಟು ₹2.5 ಲಕ್ಷ. 20 ಟನ್ನಿನ ಯಂತ್ರಕ್ಕೆ ಆರೂ ಮೆಷಿನ್, ಆಯಿಲ್ ಸಮೇತ ವರ್ಷವಿಡೀ ಕಟ್ಟಿದರೆ ಸುಮಾರು 1,09,000 ಯೂನಿಟ್, ₹8.2 ಲಕ್ಷ. ಈ ವ್ಯತ್ಯಾಸದ ಮುಂದೆ ಬಾಡಿಗೆ ಮಾತುಕತೆಯಲ್ಲಿ ತಿಂಗಳಿಗೆ ಐದು ಸಾವಿರ ಇಳಿಸಿಕೊಳ್ಳುವುದು ಏನೂ ಅಲ್ಲ. ಬಾಡಿಗೆ ದರದಲ್ಲಿ ಕರೆಂಟ್ ಸೇರಿರುವುದಿಲ್ಲ, ಅದು ನಿಮ್ಮ ಬೆಸ್ಕಾಂ ಬಿಲ್‌ನಲ್ಲೇ ಬರುತ್ತದೆ. ಅದಕ್ಕೇ ಬಾಡಿಗೆಗೆ ತರುವವರು "ದೊಡ್ಡದೇ ಇರಲಿ ಬಿಡಿ" ಅಂದುಕೊಳ್ಳಬಾರದು.

ನನ್ನ ಈ ಲೆಕ್ಕವನ್ನೂ ಹಾಗೇ ನಂಬಬೇಡಿ, ಅಳೆದು ನೋಡಿ. ಚಿಲ್ಲರ್ ಬರುವ ಮೊದಲೇ ಅಳೆಯಬಹುದು. ಈಗ ಡಿಸೆಂಬರ್, ಸೈಕಲ್ ಪೂರ್ತಿ ವೇಗದಲ್ಲಿದೆ. ಹಾಗಾಗಿ ಮೋಲ್ಡ್‌ಗಳಿಂದ ಬರುವ ಬಿಸಿಯೂ ಪೂರ್ತಿ ಇದೆ. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಮೋಲ್ಡ್ ಲೈನ್‌ಗೆ ಹೋಗುವ ನೀರಿನ ತಾಪಮಾನ, ವಾಪಸ್ ಬರುವ ನೀರಿನ ತಾಪಮಾನ, ಗಂಟೆಗೆ ಎಷ್ಟು ಲೀಟರ್ ಹರಿಯುತ್ತದೆ, ಈ ಮೂರು ಸಾಕು. ಪೈಪಿನ ಮೇಲೆ ಕಟ್ಟುವ ಅಲ್ಟ್ರಾಸಾನಿಕ್ ಫ್ಲೋ ಮೀಟರ್ ದಿನದ ಬಾಡಿಗೆಗೆ ಸಿಗುತ್ತದೆ. ಸಿಗದಿದ್ದರೆ ವಾಪಸ್ ಬರುವ ನೀರನ್ನು ಡ್ರಮ್ಮಿಗೆ ಹಿಡಿದು ಸ್ಟಾಪ್‌ವಾಚ್ ಇಟ್ಟು ನೋಡಿ. ಲೀಟರ್ ಅನ್ನು ಡಿಗ್ರಿ ವ್ಯತ್ಯಾಸದಿಂದ ಗುಣಿಸಿ 3,024ರಿಂದ ಭಾಗಿಸಿ. ಗಂಟೆಗೆ 6,000 ಲೀಟರ್, 4 ಡಿಗ್ರಿ ವ್ಯತ್ಯಾಸ ಬಂದರೆ 7.9 ಟನ್. ಆಯಿಲ್ ಲೈನನ್ನು ಬೇರೆಯಾಗಿ ಅಳೆಯಿರಿ, ಎರಡನ್ನೂ ಕೂಡಿಸಿ ಅಳೆದರೆ ಉಪಯೋಗವಿಲ್ಲ. ತಾಪಮಾನಕ್ಕೆ ಎರಡು ಒಳ್ಳೆಯ ಥರ್ಮಾಮೀಟರ್ ಬೇಕು, ಮತ್ತು ಎರಡನ್ನೂ ಮೊದಲು ಒಂದೇ ಬಕೆಟ್‌ನಲ್ಲಿ ಅದ್ದಿ ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ. 4 ಡಿಗ್ರಿ ಅಳೆಯುವಾಗ 1 ಡಿಗ್ರಿ ತಪ್ಪಿದರೂ ಲೆಕ್ಕ ಕಾಲು ಭಾಗ ಹಾಳಾಗುತ್ತದೆ.

ಕೊಟೇಷನ್‌ನಲ್ಲಿ ಬರೆದ "10 ಟನ್" ಯಾವ ಸ್ಥಿತಿಯಲ್ಲಿ ಎಂದು ಕೇಳುವುದನ್ನು ಮರೆಯಬೇಡಿ. ಹೊರಗೆ ಹೋಗುವ ನೀರು 7 ಡಿಗ್ರಿ ಇದ್ದಾಗಲೋ 15 ಇದ್ದಾಗಲೋ? ಹೊರಗಿನ ಗಾಳಿ 35 ಡಿಗ್ರಿಯೋ 40 ಡಿಗ್ರಿಯೋ? ನೀರು 1 ಡಿಗ್ರಿ ಬೆಚ್ಚಗಾದರೆ ಅದೇ ಯಂತ್ರದ ಸಾಮರ್ಥ್ಯ ಸುಮಾರು 3% ಏರುತ್ತದೆ. 7 ಡಿಗ್ರಿಯಲ್ಲಿ 8 ಟನ್ ಕೊಡುವ ಯಂತ್ರವನ್ನು 15 ಡಿಗ್ರಿಯಲ್ಲಿ 10 ಟನ್ ಎಂದು ಮಾರಬಹುದು. ಎರಡೂ ಸುಳ್ಳಲ್ಲ. ನಿಮಗೆ ಬೇಕಾದ್ದು 15 ಡಿಗ್ರಿ ನೀರು, 38–40 ಡಿಗ್ರಿ ಗಾಳಿ. ಪೀಣ್ಯದ ಹವೆ 34–35 ಇದ್ದರೂ ಶೀಟ್ ಮಾಡಿನ ಶೆಡ್ ಪಕ್ಕ ಬಿಸಿ ಗಾಳಿ ಸುತ್ತುತ್ತಿರುತ್ತದೆ. ಈ ಸ್ಥಿತಿಯಲ್ಲಿ ಎಷ್ಟು ಟನ್, ಎಷ್ಟು ಕಿಲೋವ್ಯಾಟ್ ಎಂದು ಬರೆಸಿಕೊಳ್ಳಿ. ಬಾಯಿಮಾತು ಬೇಡ.

ವಾಟರ್-ಕೂಲ್ಡ್ (ಬಿಸಿಯನ್ನು ಗಾಳಿಗಲ್ಲ, ಟವರ್ ನೀರಿಗೆ ಬಿಡುವ ಚಿಲ್ಲರ್) ಯಾಕಲ್ಲ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಕಿವಿಗೆ ಹಾಕೇ ಹಾಕುತ್ತಾರೆ. ಅದು ಕರೆಂಟ್ ಕಮ್ಮಿ ತಿನ್ನುವುದು ನಿಜ. ಆದರೆ ಒಂದು ಟನ್‌ಗೆ ಗಂಟೆಗೆ ಆವಿ ಮತ್ತು ಬ್ಲೋಡೌನ್ (ಲವಣ ಕೂಡದಂತೆ ಹೊರಬಿಡುವ ನೀರು) ಸೇರಿ ಎಂಟೊಂಬತ್ತು ಲೀಟರ್ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗಾಗಿ ಜನ ಪಟ್ಟ ಪಾಡು ನಿಮಗೆ ಗೊತ್ತಿದೆ. ಗಡಸು ಬೋರ್‌ವೆಲ್ ನೀರು ಕಂಡೆನ್ಸರ್ (ಚಿಲ್ಲರ್‌ನ ಬಿಸಿ ಹೊರಬಿಡುವ ಭಾಗ) ಒಳಗೆ ಬಿಳಿ ಪದರ ಕಟ್ಟಿದರೆ ಉಳಿಸಿದ ಕರೆಂಟ್ ಅಲ್ಲೇ ಹೋಗುತ್ತದೆ. 50–100 ಟನ್ ದಾಟಿದವರಿಗೆ ವಾಟರ್-ಕೂಲ್ಡ್ ಸರಿ. ಬಾಡಿಗೆ ಶೆಡ್‌ನಲ್ಲಿ 10 ಟನ್‌ಗೆ ಬೇಡ. ಏರ್-ಕೂಲ್ಡ್ ಆದರೆ ಶೆಡ್ ಬದಲಿಸುವ ದಿನ ಎತ್ತಿ ಲಾರಿಗೆ ಹಾಕಬಹುದು. ಟ್ಯಾಂಕ್ ಮತ್ತು ಪಂಪ್ ಅದೇ ಫ್ರೇಮಿನಲ್ಲಿ ಕೂತಿರಲಿ. ಪೈಪಿನ ಕೊನೆಗಳಿಗೆ ವೆಲ್ಡಿಂಗ್ ಬೇಡ, ಫ್ಲಾಂಜ್ (ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಜೋಡಣೆ) ಹಾಕಿಸಿ.

ಆ ಹಳೆಯ ಆರ್-22 ಯಂತ್ರದ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಬೇಡ ಅಂದದ್ದಕ್ಕೆ ಕಾರಣ ಗ್ಯಾಸ್. ಆರ್-22 ಓಜೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದಡಿ ಇದನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತಿದೆ. ನಮ್ಮಂಥ ದೇಶಗಳಿಗೆ ಮೂಲ ಮಟ್ಟದಿಂದ 2025ಕ್ಕೆ 67.5%, 2030ಕ್ಕೆ 97.5% ಕಡಿತದ ಗುರಿ ಇದೆ. ಸರಬರಾಜು ಹೀಗೆ ಇಳಿಯುತ್ತಿರುವಾಗ ಪೈಪು ಸೋರಿ ಗ್ಯಾಸ್ ತುಂಬಿಸಬೇಕಾದ ದಿನ ನೀವು ಯಾವ ಬೆಲೆಗೆ ಸಿಕ್ಕಿಬೀಳುತ್ತೀರಿ ಹೇಳಲಾಗದು. ಹಳೆಯ ಯಂತ್ರ ಒಂದು ಟನ್‌ಗೆ 1.2ರ ಬದಲು 1.5 ಕಿಲೋವ್ಯಾಟ್ ತಿಂದರೂ, 15 ಟನ್ ಲೋಡ್‌ಗೆ ವರ್ಷಕ್ಕೆ ₹2 ಲಕ್ಷದಷ್ಟು ಕರೆಂಟ್ ಜಾಸ್ತಿ. ಕೊಟ್ಟ ಬೆಲೆಯನ್ನು ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ಮತ್ತೊಮ್ಮೆ ಬೆಸ್ಕಾಂಗೆ ಕೊಟ್ಟಂತೆ. ಹೊಸದರಲ್ಲಿ ಆರ್-32 ಗ್ಯಾಸಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಂಗಾಲದ ಡೈಆಕ್ಸೈಡ್‌ನದು 1 ಎಂದರೆ ಭೂಮಿ ಬಿಸಿ ಮಾಡುವ ಅದರ ಶಕ್ತಿ 675, ಇನ್ನೊಂದು ಗ್ಯಾಸ್ ಆರ್-410ಎಯದು 2,088. ಕಿಗಾಲಿ ಒಪ್ಪಂದದ ಪ್ರಕಾರ ಭಾರತ ಈ ಬಗೆಯ ಗ್ಯಾಸ್‌ಗಳ ಬಳಕೆಗೆ 2028ರಲ್ಲಿ ಮಿತಿ ಹಾಕಿ, 2032ರಿಂದ ಇಳಿಸುತ್ತಾ ಹೋಗಬೇಕು. ಇವತ್ತು ಕೊಂಡ ಯಂತ್ರ ಆಗಲೂ ನಿಮ್ಮ ಹತ್ತಿರವೇ ಇರುತ್ತದೆ.

ದುಡ್ಡಿನ ವಿಷಯದಲ್ಲಿ ಒಂದೇ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಸಿಸಿ ಅಕೌಂಟಿನ ದುಡ್ಡಿನಲ್ಲಿ ಯಂತ್ರ ಕೊಳ್ಳಬೇಡಿ. ಆ ದುಡ್ಡು ಪಿಪಿ ಚೀಲ ಕೊಳ್ಳಲು, ಗಿರಾಕಿಯ ಪೇಮೆಂಟ್ ಬರುವವರೆಗೆ ಸಂಬಳ ಕೊಡಲು. ಅದನ್ನು ಕಬ್ಬಿಣದಲ್ಲಿ ಕಟ್ಟಿಹಾಕಿದರೆ ಹೊಸ ಆರ್ಡರ್‌ಗೆ ಮಾಲು ತರಿಸಲೇ ಕಷ್ಟವಾಗುತ್ತದೆ. ಟರ್ಮ್ ಲೋನ್ ತೆಗೆದುಕೊಳ್ಳಿ. ₹5 ಲಕ್ಷಕ್ಕೆ 11%ರಲ್ಲಿ ಮೂರು ವರ್ಷಕ್ಕೆ ತಿಂಗಳ ಕಂತು ಸುಮಾರು ₹16,400. ಬಾಡಿಗೆಯ ₹48,000 ಪಕ್ಕ ಇಟ್ಟು ನೋಡಿ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇದ್ದರೆ, ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ಗ್ಯಾರಂಟಿಯಡಿ ಆಸ್ತಿ ಅಡವಿಡದೆ ಸಾಲ ಕೇಳಬಹುದು. ಬಾಡಿಗೆ ಶೆಡ್‌ನಲ್ಲಿರುವ ನಿಮ್ಮಂಥವರಿಗೆ ಅದು ದೊಡ್ಡ ಅನುಕೂಲ.

ತೆರಿಗೆ ಕಾರಣಕ್ಕೆ ಬಾಡಿಗೆ ಒಳ್ಳೆಯದು ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಜಿಎಸ್‌ಟಿ ಎರಡಕ್ಕೂ 18%, ಎರಡಕ್ಕೂ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಖರೀದಿಯಲ್ಲಿ ಆ ₹90,000 ಒಮ್ಮೆಗೇ ಕಟ್ಟಬೇಕು, ಅಷ್ಟೇ. ಜಿಎಸ್‌ಟಿ ಭಾಗದ ಮೇಲೆ ಡಿಪ್ರಿಸಿಯೇಷನ್ ತೋರಿಸಿದರೆ ಮಾತ್ರ ಕ್ರೆಡಿಟ್ ಹೋಗುತ್ತದೆ, ನಿಮ್ಮ ಆಡಿಟರ್‌ಗೆ ನೆನಪಿಸಿ. ಆದಾಯ ತೆರಿಗೆಯಲ್ಲಿ ಬಾಡಿಗೆ ಪೂರ್ತಿ ಖರ್ಚು, ಯಂತ್ರಕ್ಕೆ ವರ್ಷಕ್ಕೆ 15% ಡಿಪ್ರಿಸಿಯೇಷನ್. ಫೆಬ್ರವರಿಯಲ್ಲಿ ಓಡಲು ಶುರುವಾದರೆ ಈ ವರ್ಷ 180 ದಿನ ಆಗುವುದಿಲ್ಲ, ಹಾಗಾಗಿ ಅರ್ಧವೇ ಸಿಗುತ್ತದೆ. ಇವೆಲ್ಲ ಸೇರಿದರೂ ಮೇಲಿನ ಲೆಕ್ಕ ತಲೆಕೆಳಗಾಗುವುದಿಲ್ಲ.

ಇಷ್ಟು ಹೇಳಿದೆ ಎಂದು ಬಾಡಿಗೆ ಕೆಟ್ಟದ್ದು ಎಂದುಕೊಳ್ಳಬೇಡಿ. ಈ ಉತ್ತರವನ್ನು ಬೇರೆ ಕೆಲಸದವರೂ ಓದುತ್ತಾರೆ. ದೊಡ್ಡ ಕಾಂಕ್ರೀಟ್ ಸುರಿಯುವ ಕಡೆ ಕೆಲವು ವಾರ ತಣ್ಣೀರು ಬೇಕಾಗುತ್ತದೆ, ಆಮೇಲೆ ಬೇಡ. ಅಲ್ಲಿ ಬಾಡಿಗೆಯೇ ಸರಿ. ಆಸ್ಪತ್ರೆ, ಔಷಧ ಕಾರ್ಖಾನೆ, ಡೇಟಾ ಸೆಂಟರ್‌ನ ಚಿಲ್ಲರ್ ಕೆಟ್ಟಾಗ ಎರಡು ದಿನದಲ್ಲಿ ಬಂದು ನಿಲ್ಲುವ ಬಾಡಿಗೆ ಯಂತ್ರದ ಬೆಲೆ ಹಣದಲ್ಲಿ ಹೇಳುವಂಥದ್ದಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರ ಗುಂಪಿಗೆ ಪ್ರೀ-ಕೂಲಿಂಗ್ ಬೇಕಾಗುವುದು ಕಟಾವಿನ ಎರಡು-ಮೂರು ತಿಂಗಳು. ಅವರ ಓಟದ ಗಂಟೆ ನೋಡಿದರೆ ಬಾಡಿಗೆ ಕಾಣುತ್ತದೆ. ಆದರೆ ತೋಟಗಾರಿಕೆ ಯೋಜನೆಯಲ್ಲಿ ಪ್ರೀ-ಕೂಲಿಂಗ್, ಕೋಲ್ಡ್ ಸ್ಟೋರೇಜ್‌ಗೆ ಸಾಮಾನ್ಯವಾಗಿ 35% ಸಾಲ ಆಧಾರಿತ ಸಹಾಯಧನ ಇದೆ, ಅದು ಬಾಡಿಗೆಗೆ ಸಿಗುವುದಿಲ್ಲ. ಹಾಗಾಗಿ ಅವರು ಸಹಾಯಧನ ಹಿಡಿದು ಮತ್ತೊಮ್ಮೆ ಲೆಕ್ಕ ಮಾಡಬೇಕು. ಹಾಲಿನ ಕೇಂದ್ರದವರಿಗೆ ಈ ಗೊಂದಲವೇ ಇಲ್ಲ. ಹಾಲನ್ನು ದಿನವೂ 4 ಡಿಗ್ರಿಗೆ ಇಳಿಸಲೇಬೇಕು, 365 ದಿನ. ಸ್ವಂತದ್ದೇ ಬೇಕು.

ಬಾಡಿಗೆಗೆ ತರುವವರು ಕರಾರಿನಲ್ಲಿ ಕೆಲವನ್ನು ಬರೆಸಿಕೊಳ್ಳಲೇಬೇಕು. ಕೆಟ್ಟರೆ ಎಷ್ಟು ಗಂಟೆಯಲ್ಲಿ ಮೆಕ್ಯಾನಿಕ್ ಬರುತ್ತಾರೆ, ಬರದಿದ್ದರೆ ಆ ದಿನಗಳ ಬಾಡಿಗೆ ಕಡಿತವೇ? ಸೋರಿದ ಗ್ಯಾಸ್ ತುಂಬಿಸುವ ಖರ್ಚು ಯಾರದು? ಹಿಂದಕ್ಕೆ ಒಯ್ಯುವ ಲಾರಿ ಮತ್ತು ಕ್ರೇನ್ ಬಾಡಿಗೆ ಯಾರದು? ನಿಮ್ಮ ಕೊಟೇಷನ್‌ನ ₹60,000ದಲ್ಲಿ ಎರಡೂ ದಾರಿ ಸೇರಿದೆಯೋ ಬರುವ ದಾರಿ ಮಾತ್ರವೋ, ನನಗೆ ಸ್ಪಷ್ಟವಾಗಲಿಲ್ಲ. ಕಂಡೆನ್ಸರ್ ಧೂಳು ತೊಳೆಯುವುದು ಸಾಮಾನ್ಯವಾಗಿ ಬಾಡಿಗೆದಾರರ ತಲೆಗೇ ಬರುತ್ತದೆ. ತಿಂಗಳ ಬಾಡಿಗೆ ₹50,000 ದಾಟಿದರೆ 2% ಟಿಡಿಎಸ್ ಹಿಡಿಯಬೇಕಾಗಬಹುದು. ಕೆಲವರು ಕಟ್ಟಿದ ಬಾಡಿಗೆಯ ಒಂದು ಭಾಗವನ್ನು ಬೆಲೆಗೆ ವಜಾ ಮಾಡಿ ಅದೇ ಯಂತ್ರ ಮಾರುತ್ತಾರೆ. ಆರ್ಡರ್ ಗಟ್ಟಿಯಿಲ್ಲದವರಿಗೆ ಅದು ಒಳ್ಳೆಯ ದಾರಿ, ವಜಾ ಎಷ್ಟು ಎಂದು ಮೊದಲ ದಿನವೇ ಬರೆಸಿಕೊಂಡರೆ.

ನಿಮ್ಮ ಶೆಡ್‌ನಲ್ಲಿ ಮೂರು ಕೆಲಸ ಇದೆ. ಮಾಲೀಕರ ಹೆಸರಿನಲ್ಲಿರುವ ಸ್ಯಾಂಕ್ಷನ್ ಲೋಡ್‌ನಲ್ಲಿ (ಮಂಜೂರಾದ ವಿದ್ಯುತ್ ಮಿತಿ) ಇನ್ನು 14–15 ಕಿಲೋವ್ಯಾಟ್‌ಗೆ ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ, ಅದಕ್ಕೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಎರಡನೆಯದು, ಬೇಸಿಗೆಯಲ್ಲಿ ಹಳೆಯ ಮೆಷಿನ್‌ಗಳನ್ನು ಟವರ್‌ನಿಂದ ಚಿಲ್ಲರ್‌ಗೆ ಬದಲಿಸುವಾಗ ಲೈನ್‌ನಲ್ಲಿ ಉಳಿದ ಟವರ್ ನೀರನ್ನು ಪೂರ್ತಿ ಬಸಿಯಿರಿ. ಟವರ್ ನೀರಿನಲ್ಲಿ ಕೆಸರು, ಪಾಚಿ ಇರುತ್ತದೆ. ಅದು ಚಿಲ್ಲರ್ ಟ್ಯಾಂಕಿಗೆ ಹೋದರೆ ಇವ್ಯಾಪೊರೇಟರ್ (ನೀರು ತಣಿಯುವ ಭಾಗ) ಕಟ್ಟಿಕೊಳ್ಳುತ್ತದೆ. ವಾಪಸ್ ಲೈನಿಗೆ ಸ್ಟ್ರೈನರ್ ಹಾಕಿಸಿ. ಮೂರನೆಯದು ಮಳೆಗಾಲದ್ದು. ಆಗ ಗಾಳಿಯ ತೇವ ಜಾಸ್ತಿ, 15 ಡಿಗ್ರಿ ನೀರು ಹರಿಯುವ ಮೋಲ್ಡ್ ಬೆವರುತ್ತದೆ. ಮೆಷಿನ್ ನಿಂತ ಕೂಡಲೇ ಆ ಮೋಲ್ಡ್‌ನ ನೀರಿನ ವಾಲ್ವ್ ಮುಚ್ಚಲು ಆಪರೇಟರ್‌ಗಳಿಗೆ ಕಲಿಸಿ, ಇಲ್ಲದಿದ್ದರೆ ಮೋಲ್ಡ್ ತುಕ್ಕು ಹಿಡಿಯುತ್ತದೆ. ಚಿಲ್ಲರ್ ಪೈಪುಗಳಿಗೆ ಇನ್ಸುಲೇಷನ್ ಬೇಕೇ ಬೇಕು.

ಇನ್ನು ಆ ಎರಡು ವಾರದ ಅಂತರ. ಆರ್ಡರ್ ಆರು ವಾರಕ್ಕೆ ಶುರು, ಯಂತ್ರ ಎಂಟು ವಾರಕ್ಕೆ. ಇದಕ್ಕಾಗಿ ₹2 ಲಕ್ಷ ಕೊಟ್ಟು ಮೂರು ತಿಂಗಳ ಬಾಡಿಗೆ ಒಪ್ಪಬೇಡಿ. ಖರೀದಿ ಆರ್ಡರ್ ಕೊಡುವಾಗಲೇ ಮಾರುವವರ ಹತ್ತಿರ ಒಂದು ಡೆಮೊ ಯಂತ್ರವೋ ಹಳೆಯದೋ ಎರಡು ವಾರಕ್ಕೆ ಕೇಳಿ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಸಿಗದಿದ್ದರೂ ಜನವರಿ ಕೊನೆಯಲ್ಲಿ ನಿಮ್ಮ ಟವರ್ 20–21 ಡಿಗ್ರಿ ನೀರು ಕೊಡುತ್ತಿರುತ್ತದೆ. ಸೈಕಲ್ ಸ್ವಲ್ಪ ನಿಧಾನ ಮಾಡಿ ಮೊದಲ ಡಬ್ಬಿಗಳನ್ನು ತೆಗೆದು ಗಿರಾಕಿಗೆ ತೋರಿಸಿ, ಅಳತೆ ಸರಿ ಇದ್ದರೆ ಎರಡು ವಾರಕ್ಕೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರು ಒಪ್ಪದಿದ್ದರೆ ಮಾತ್ರ ಬಾಡಿಗೆಯವರನ್ನು ಒಂದು ತಿಂಗಳಿಗೆ ಕೇಳಿ, ಐದು ಟನ್ನಿನದೇ ಸಾಕು ಎಂದು ಹೇಳಿ. ನೀರಿನ ಅಳತೆ ಈ ವಾರವೇ ಮುಗಿಸಿ. ಮೋಲ್ಡ್ ಲೋಡ್ 8 ಟನ್ ದಾಟಿದರೆ ಆರ್ಡರ್ ಕೊಡುವ ಮುಂಚೆ ನನಗೆ ಮತ್ತೊಮ್ಮೆ ಬರೆಯಿರಿ. ಆಗ 12 ಟನ್ನಿನದು ನೋಡಬೇಕಾಗುತ್ತದೆ.